ಕನಸು ಮಗುವಿನದು, ನಿದ್ದೆಗೆಟ್ಟವಳು ಅಮ್ಮ

ಬೆಳಗಿನ ಜಾವ ನಾಲ್ಕು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಒಂದು ಮನೆಯ ಅಡುಗೆಮನೆಯಲ್ಲಿ ಮಾತ್ರ ಬೆಳಕು. ಅರೆನಿದ್ದೆಯಲ್ಲಿರುವ ಹುಡುಗಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಶಾಲೆಯ ಬ್ಯಾಗು, ಸ್ಕೇಟ್ಸ್ ಇರುವ ಚೀಲ, ತಿಂಡಿಯ ಡಬ್ಬಿ ಇಟ್ಟು ತಾಯಿ ಗಾಡಿ ಹೊರಡಿಸುತ್ತಾಳೆ. ಐದರ ಹೊತ್ತಿಗೆ ಐಸ್ ರಿಂಕ್ ತಲುಪಬೇಕು. ಹೊರಗಿನ ಚಳಿಗಿಂತ ಒಳಗಿನ ಚಳಿಯೇ ಜೋರು. ಮಗಳು ಮಂಜುಗಡ್ಡೆಗೆ ಇಳಿದು ಜಿಗಿಯುತ್ತಾಳೆ, ಬೀಳುತ್ತಾಳೆ, ಮೈ ಕೊಡವಿಕೊಂಡು ಮತ್ತೆ ಜಿಗಿಯುತ್ತಾಳೆ. ತಾಯಿ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿರುತ್ತಾಳೆ. ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ಬೂಟು ಬಿಚ್ಚಿ, ಸಮವಸ್ತ್ರವೋ ಸ್ವೆಟರೋ ಸಿಕ್ಕಿಸಿಕೊಂಡು ತರಗತಿಯಲ್ಲಿರಬೇಕು. ಮರುದಿನ ಮತ್ತೆ ನಾಲ್ಕು ಗಂಟೆ.

ಫಿಗರ್ ಸ್ಕೇಟಿಂಗ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುವ ದಿನಚರಿಯಿದು. ನಮಗೆ ಟಿವಿಯಲ್ಲಿ ಕಾಣುವುದು ಅದರ ಕೊನೆಯ ನಾಲ್ಕು ನಿಮಿಷ ಮಾತ್ರ: ಮಿನುಗುವ ಉಡುಪು, ಸಂಗೀತ, ಗಾಳಿಯಲ್ಲಿ ಮೂರು ಸುತ್ತು, ಅಂಕಕ್ಕಾಗಿ ಕಾಯುವಾಗಿನ ಕಣ್ಣೀರು. ಆ ಹುಡುಗಿ ಅಲ್ಲಿಗೆ ಬಂದದ್ದು ಹೇಗೆ, ಪದಕ ಕೊರಳಿಗೆ ಬಿದ್ದ ಮೇಲೆ ಅವಳ ಬದುಕು ಎತ್ತ ಹೋಯಿತು, ಅವಳೇ ತಾಯಿಯಾದಾಗ ಆ ಕನಸಿಗೆ ಏನಾಯಿತು ಎಂಬುದು ತೆರೆಯ ಮೇಲೆ ಬರುವುದಿಲ್ಲ.

ಇದನ್ನೆಲ್ಲ ಒಂದೇ ಬದುಕಿನಲ್ಲಿ ನೋಡಬೇಕೆಂದರೆ ಕ್ರಿಸ್ಟಿ ಯಾಮಗುಚಿ ಅವರ ಕಡೆಗೆ ತಿರುಗಬೇಕು. 1992ರಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ತಂದವರು. ಆಗ ಅವರಿಗೆ ಇಪ್ಪತ್ತು ವರ್ಷ. ಮುಂದೆ ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿ, ಮಕ್ಕಳ ಪುಸ್ತಕ ಬರೆದು, ಬಡ ಮನೆಗಳ ಪುಟ್ಟ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಕೆಲಸಕ್ಕೆ ನಿಂತವರು. ಕನಸು ಎನ್ನುವ ಮಾತನ್ನು ಅವರು ಮತ್ತೆ ಮತ್ತೆ ಆಡುತ್ತಾರೆ. ಎಲ್ಲರೂ ಸುಲಭವಾಗಿ ಆಡುವ ಮಾತದು. ಆದರೆ ಅವರ ಮನೆತನದ ಕಥೆ ಗೊತ್ತಾದ ಮೇಲೆ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಒಳಕ್ಕೆ ತಿರುಚಿದ ಪಾದಗಳು

1971ರ ಜುಲೈ 12ರಂದು ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ಹುಟ್ಟಿದ ಈ ಮಗುವಿನ ಪಾದಗಳು ಒಳಕ್ಕೆ ತಿರುಚಿಕೊಂಡಿದ್ದವು. ವೈದ್ಯರು ಕ್ಲಬ್‌ಫೂಟ್ ಎನ್ನುವ ತೊಂದರೆ. ಹಾಗೇ ಬಿಟ್ಟರೆ ಮಗು ಪಾದದ ಅಂಚಿನ ಮೇಲೆ ಕುಂಟುತ್ತ ನಡೆಯಬೇಕಾಗುತ್ತದೆ. ಕ್ರಿಸ್ಟಿಗೆ ಎಳೆಗೂಸಾಗಿದ್ದಾಗಲೇ ಪ್ಲಾಸ್ಟರ್ ಹಾಕಿದರು, ಆಮೇಲೆ ಪಾದ ನೇರವಾಗಿ ನಿಲ್ಲಲೆಂದು ವಿಶೇಷ ಬೂಟು ತೊಡಿಸಿದರು. ಕಾಲಿಗೆ ಬಲ ಬರಲೆಂದು ನೃತ್ಯದ ತರಗತಿ ಬಂತು, ಅದರ ಬೆನ್ನಿಗೇ ಸ್ಕೇಟಿಂಗ್. ಚಿಕಿತ್ಸೆಯ ನೆಪದಲ್ಲಿ ಮನೆಗೆ ಬಂದ ಆಟ ಹುಡುಗಿಯನ್ನು ಬಿಡಲೇ ಇಲ್ಲ.

ಈ ತೊಂದರೆ ಅಪರೂಪದ್ದೇನೂ ಅಲ್ಲ. ಸುಮಾರು ಸಾವಿರ ಹೆರಿಗೆಗಳಲ್ಲಿ ಒಂದರಲ್ಲಾದರೂ ಕಾಣಿಸಿಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರು ರೂಪಿಸಿದ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ಮೆಲ್ಲನೆ ಸರಿಯಾದ ಕೋನಕ್ಕೆ ತರುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ ಬಹುತೇಕ ಬೇಕಾಗುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ತೊಂದರೆಯೂ ಇರುವುದರಿಂದ ಇದಕ್ಕೆ ಸರ್ಕಾರಿ ವ್ಯವಸ್ಥೆಯಲ್ಲೇ ಚಿಕಿತ್ಸೆ ದೊರೆಯುತ್ತದೆ. ಕಷ್ಟವಿರುವುದು ಆಮೇಲೆ. ಪ್ಲಾಸ್ಟರ್ ತೆಗೆದ ಮೇಲೂ ಕೆಲವು ವರ್ಷ ರಾತ್ರಿ ಹೊತ್ತು ಮಗುವಿಗೆ ಪಟ್ಟಿಯ ಬೂಟು ಹಾಕುತ್ತಿರಬೇಕು. ಮಗು ಅಳುತ್ತದೆಂದು ಬಿಟ್ಟುಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಅಳುವ ಮಗುವಿನ ಪಕ್ಕ ಕೂತು ಆ ಬೂಟು ಕಟ್ಟುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಅಮೆರಿಕದ ಸ್ಕೇಟಿಂಗ್ ಇತಿಹಾಸದಲ್ಲಿ ಇಂಥ ಇನ್ನೊಂದು ಕಥೆಯಿದೆ. 1956ರಲ್ಲಿ ಈ ಆಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಆ ದೇಶದ ಮೊದಲ ಮಹಿಳೆ ಟೆನ್ಲಿ ಆಲ್‌ಬ್ರೈಟ್‌ಗೆ ಬಾಲ್ಯದಲ್ಲಿ ಪೋಲಿಯೊ ತಗುಲಿತ್ತು. ಮುಂದೆ ಅವರು ಶಸ್ತ್ರವೈದ್ಯೆಯಾದರು.

ಬೇಲಿಯೊಳಗೆ ಹುಟ್ಟಿದ ತಾಯಿ

ಕ್ರಿಸ್ಟಿಯ ತಾಯಿ ಕ್ಯಾರೊಲ್ ಹುಟ್ಟಿದ್ದು ಒಂದು ಬಂಧನ ಶಿಬಿರದಲ್ಲಿ. ಅದೂ ತನ್ನದೇ ದೇಶದ ಸರ್ಕಾರ ಕಟ್ಟಿದ ಶಿಬಿರದಲ್ಲಿ.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಒಳನಾಡಿನ ಬಯಲುಗಳಲ್ಲಿ ಕಟ್ಟಿದ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಯಾರ ಮೇಲೂ ಆರೋಪವಿರಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಕ್ರಿಸ್ಟಿಯ ತಂದೆಯ ಮನೆಯವರೂ ತಾಯಿಯ ಮನೆಯವರೂ ಆ ಪಟ್ಟಿಯಲ್ಲಿದ್ದರು. ಕ್ಯಾರೊಲ್ ಹುಟ್ಟಿದ್ದು ಕೊಲರಾಡೊದ ಅಮಾಚಿ ಶಿಬಿರದಲ್ಲಿ. ಅವರ ತಂದೆ ಜಾರ್ಜ್ ಡೋಯಿ ಅದೇ ಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟು ಯುರೋಪಿನಲ್ಲಿ ಹೋರಾಡಿದವರು. ದೇಶಕ್ಕಾಗಿ ಬಂದೂಕು ಹಿಡಿದವನ ಸಂಸಾರ ಅದೇ ದೇಶದ ಮುಳ್ಳುತಂತಿಯ ಹಿಂದೆ!

ಅಮೆರಿಕ ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ಬದುಕಿದ್ದ ಪ್ರತಿಯೊಬ್ಬ ಸಂತ್ರಸ್ತರಿಗೆ 20,000 ಡಾಲರ್ ಪರಿಹಾರವನ್ನೂ ಘೋಷಿಸಿತು. ಅದಾಗಿ ನಾಲ್ಕೇ ವರ್ಷಕ್ಕೆ ಶಿಬಿರದಲ್ಲಿ ಹುಟ್ಟಿದ ಆ ಹೆಣ್ಣುಮಗಳ ಮಗಳು ಒಲಿಂಪಿಕ್ಸ್‌ಗೆ ಹೋದಳು. ಮಹಿಳೆಯರ ಸ್ಪರ್ಧೆ ನಡೆದ ದಿನಗಳು 1992ರ ಫೆಬ್ರವರಿ 19 ಮತ್ತು 21. ರೂಸ್‌ವೆಲ್ಟ್ ಸಹಿ ಹಾಕಿ ಸರಿಯಾಗಿ ಐವತ್ತು ವರ್ಷ. ಯಾರೂ ಯೋಜಿಸಿ ಇಟ್ಟ ದಿನಾಂಕವಲ್ಲ ಅದು. ಆದರೂ ಆ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ತಲೆಮಾರಿನ ಬಹಳಷ್ಟು ಜಪಾನಿ ಅಮೆರಿಕನ್ನರು ಶಿಬಿರದ ದಿನಗಳ ಬಗ್ಗೆ ಮಕ್ಕಳ ಮುಂದೆ ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ದುಡಿದರು, ಓದಿಸಿದರು. ಕ್ರಿಸ್ಟಿಯ ತಂದೆ ಜಿಮ್ ದಂತವೈದ್ಯರಾದರು. ಕ್ಯಾರೊಲ್ ವೈದ್ಯಕೀಯ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದರು. ಮೂವರು ಮಕ್ಕಳ ಆ ಮನೆಯಲ್ಲಿ ನಾಲ್ಕು ಗಂಟೆಗೆ ಎದ್ದು ಕಾರು ಹೊರಡಿಸುತ್ತಿದ್ದವರು ಇದೇ ಕ್ಯಾರೊಲ್. ಚಾಂಪಿಯನ್ ಆಗಬೇಕೆಂಬ ಆಸೆ ಇದ್ದದ್ದು ಮಗಳಿಗೆ. 1976ರಲ್ಲಿ ಚಿನ್ನ ಗೆದ್ದ ಡೊರತಿ ಹ್ಯಾಮಿಲ್ ಹೆಸರಿನ ಗೊಂಬೆಯನ್ನು ಅಭ್ಯಾಸಕ್ಕೂ ಹೊತ್ತೊಯ್ಯುತ್ತಿದ್ದ ಹುಡುಗಿ ಅವಳು.

ಮೊಂಡು ಅಲಗು, ಮೂರು ಸುತ್ತು

ಆಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಿಂಕ್ ಎಂದರೆ 60 ಮೀಟರ್ ಉದ್ದ, 30 ಮೀಟರ್ ಅಗಲದ ಮಂಜುಗಡ್ಡೆಯ ಅಂಗಳ. ಬೂಟಿನ ಅಡಿಯ ಉಕ್ಕಿನ ಅಲಗು ಸುಮಾರು 4 ಮಿಲಿಮೀಟರ್ ದಪ್ಪ. ಅದು ಚಾಕುವಿನ ಹಾಗೆ ಚೂಪಾಗಿರುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅಲಗಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತಗ್ಗಿದ್ದು, ಅದರ ಎರಡೂ ಬದಿಗೆ ಒಂದೊಂದು ಅಂಚಿರುತ್ತದೆ. ಒಳ ಅಂಚಿನ ಮೇಲೆ ವಾಲಿದರೆ ಒಂದು ಬಗೆಯ ತಿರುವು, ಹೊರ ಅಂಚಿನ ಮೇಲೆ ವಾಲಿದರೆ ಇನ್ನೊಂದು. ತುದಿಯ ಹಲ್ಲುಗಳನ್ನು ಮಂಜುಗಡ್ಡೆಗೆ ಊರಿ ಚಿಮ್ಮುವ ಜಿಗಿತಗಳುಂಟು. ಬರೀ ಅಂಚಿನ ಮೇಲಿಂದಲೇ ಏಳುವವೂ ಉಂಟು. ಮುಖ್ಯ ಜಿಗಿತಗಳು ಆರು. ಅವುಗಳಲ್ಲಿ ಆ್ಯಕ್ಸೆಲ್ ಒಂದೇ ಮುಂದಕ್ಕೆ ಮುಖ ಮಾಡಿ ಏಳುವಂಥದು. ಇಳಿಯುವುದು ಮಾತ್ರ ಹಿಮ್ಮುಖವಾಗಿಯೇ. ಹಾಗಾಗಿ ಉಳಿದವಕ್ಕಿಂತ ಅರ್ಧ ಸುತ್ತು ಹೆಚ್ಚು.

ಮೂರು ಸುತ್ತಿನ ಜಿಗಿತದಲ್ಲಿ ಸ್ಕೇಟರ್ ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಮೂರು ಸಲ ತಿರುಗಬೇಕೆಂದರೆ ಮೈಯನ್ನು ಆದಷ್ಟೂ ಬಿಗಿಯಾಗಿ ಮುದುಡಿಕೊಳ್ಳಬೇಕು. ಅಂಗಳದಲ್ಲಿ ಕೈ ಚಾಚಿ ಗಿರಗಿರನೆ ತಿರುಗುವ ಮಗು ಕೈಗಳನ್ನು ಎದೆಗೆ ಒತ್ತಿಕೊಂಡ ಕೂಡಲೇ ವೇಗ ಹೆಚ್ಚುತ್ತದಲ್ಲ, ಅದೇ ಲೆಕ್ಕ. ದೇಹ ಸಣ್ಣದಿದ್ದಷ್ಟೂ, ಸೊಂಟ ಕಿರಿದಾಗಿದ್ದಷ್ಟೂ ತಿರುಗುವುದು ಸಲೀಸು. ಇಳಿಯುವಾಗ ಒಂದೇ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ.

ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಹೆಣ್ಣುಮಕ್ಕಳ ಸ್ಕೇಟಿಂಗ್‌ನ ಸಂಕಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಹನ್ನೆರಡು, ಹದಿಮೂರರ ಹುಡುಗಿಗೆ ಸಾಧ್ಯವಾದ ಜಿಗಿತ, ಅವಳು ಮೈನೆರೆದು ಸೊಂಟ ಅಗಲವಾದ ಮೇಲೆ ಒಮ್ಮೆಲೇ ಕೈತಪ್ಪಬಹುದು. ಬೆಳೆಯುವುದೇ ತಪ್ಪೇನೋ ಎಂಬ ಭಾವ ಆ ವಯಸ್ಸಿನ ಹುಡುಗಿಯ ತಲೆಯಲ್ಲಿ ಕೂತುಬಿಡುತ್ತದೆ. ಊಟ ಬಿಡುವ ರೋಗಕ್ಕೆ ಬಿದ್ದ ಸ್ಕೇಟರ್‌ಗಳು ಒಬ್ಬಿಬ್ಬರಲ್ಲ.

ಜೋಡಿಯೋ, ಒಂಟಿಯೋ

ಕ್ರಿಸ್ಟಿ ಎರಡು ಕನಸುಗಳನ್ನು ಒಟ್ಟಿಗೆ ಸಾಕಿದವಳು. ಒಂದು ಕಡೆ ಒಂಟಿಯಾಗಿ ಸ್ಪರ್ಧೆ, ಇನ್ನೊಂದು ಕಡೆ ರೂಡಿ ಗಲಿಂಡೊ ಜೊತೆಗೆ ಜೋಡಿ ಸ್ಪರ್ಧೆ. 1988ರ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನ್ನೂ ಗೆದ್ದಳು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಜೋಡಿಯಾಗಿ ಚಿನ್ನ, ಒಂಟಿಯಾಗಿ ಬೆಳ್ಳಿ. ಒಬ್ಬಳೇ ಹುಡುಗಿ ಎರಡೂ ವಿಭಾಗದಲ್ಲಿ ಆ ಮಟ್ಟ ಮುಟ್ಟುವುದು ಬಹಳ ಅಪರೂಪ.

ಅದೇ ವರ್ಷ ಎಲ್ಲವೂ ಅಲುಗಾಡಿತು. ಒಂಟಿ ಸ್ಪರ್ಧೆಯ ಕೋಚ್ ಕ್ರಿಸ್ಟಿ ನೆಸ್ ಕೆನಡಾದ ಎಡ್ಮಂಟನ್‌ಗೆ ಹೊರಟರು. ಹೈಸ್ಕೂಲು ಮುಗಿಸಿದ ಶಿಷ್ಯೆಯೂ ಮನೆ ಬಿಟ್ಟು ಅವರ ಬೆನ್ನಿಗೆ ಹೋದಳು. ಜೋಡಿ ಅಭ್ಯಾಸ ಮಾತ್ರ ಕ್ಯಾಲಿಫೋರ್ನಿಯಾದಲ್ಲೇ. ಡಿಸೆಂಬರ್‌ನಲ್ಲಿ ಜೋಡಿಯ ಕೋಚ್ ಜಿಮ್ ಹ್ಯೂಲಿಕ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದರ ಬೆನ್ನಿಗೇ ಅಜ್ಜನ ಸಾವು. 1990ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂಟಿಯಾಗಿ ನಾಲ್ಕನೇ ಸ್ಥಾನ, ಜೋಡಿಯಾಗಿ ಐದನೇ ಸ್ಥಾನ. ಎರಡು ದೋಣಿಯಲ್ಲಿ ಕಾಲಿಡಲಾಗದೆಂದು ಅವಳು ಜೋಡಿ ಸ್ಪರ್ಧೆ ಬಿಟ್ಟಳು. ಬಾಲ್ಯದಿಂದ ಜೊತೆಗಿದ್ದ ರೂಡಿಗೆ ಅದು ದೊಡ್ಡ ಪೆಟ್ಟು. 1996ರಲ್ಲಿ ಅವನು ಒಂಟಿಯಾಗಿಯೇ ಅಮೆರಿಕದ ಚಾಂಪಿಯನ್ ಆದನೆಂಬುದು ಓದುವವರಿಗೂ ಸಮಾಧಾನ ಕೊಡುವ ಸಂಗತಿ. ದೊಡ್ಡ ಕನಸು ಹಿಡಿದವರ ಕಥೆ ಹೇಳುವಾಗ ಬಿಟ್ಟುಬಂದ ಕನಸಿನ ಲೆಕ್ಕವನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕು.

ಕಾಲವೂ ಅವಳ ಕಡೆಗೆ ತಿರುಗಿತು. ಅದುವರೆಗೆ ಸ್ಕೇಟರ್‌ಗಳು ಮಂಜುಗಡ್ಡೆಯ ಮೇಲೆ ಎಂಟರ ಆಕಾರದ ಗೆರೆಗಳನ್ನು ಕರಾರುವಾಕ್ಕಾಗಿ ಬಿಡಿಸಿ ತೋರಿಸಬೇಕಿತ್ತು. ಫಿಗರ್ ಸ್ಕೇಟಿಂಗ್ ಎಂಬ ಹೆಸರು ಬಂದದ್ದೇ ಅದರಿಂದ. ತೀರ್ಪುಗಾರರು ಬಗ್ಗಿ ಕೂತು ಗೆರೆ ಪರೀಕ್ಷಿಸುತ್ತಿದ್ದರು. ಟಿವಿ ನೋಡುವವರಿಗೆ ಅದು ಬೇಸರ, ಕ್ರಿಸ್ಟಿಗೆ ಅದೇ ದೌರ್ಬಲ್ಯ. 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಅದನ್ನು ಕೈಬಿಟ್ಟರು. ಮರುವರ್ಷ ಮ್ಯೂನಿಕ್‌ನಲ್ಲಿ ಅವಳು ವಿಶ್ವ ಚಾಂಪಿಯನ್. ಟೋನ್ಯಾ ಹಾರ್ಡಿಂಗ್‌ಗೆ ಬೆಳ್ಳಿ, ನ್ಯಾನ್ಸಿ ಕೆರಿಗನ್‌ಗೆ ಕಂಚು. ಮೂರೂ ಪದಕ ಅಮೆರಿಕದ ಪಾಲು.

ಆಲ್ಬರ್ಟ್‌ವಿಲ್‌ನ ರಾತ್ರಿ

ಒಲಿಂಪಿಕ್ಸ್ ಹತ್ತಿರವಾದಾಗ ಮಾತೆಲ್ಲ ಇದ್ದದ್ದು ಟ್ರಿಪಲ್ ಆ್ಯಕ್ಸೆಲ್ ಬಗ್ಗೆ. ಮೂರೂವರೆ ಸುತ್ತಿನ ಆ ಜಿಗಿತವನ್ನು ಸ್ಪರ್ಧೆಯಲ್ಲಿ ಮೊದಲು ಮಾಡಿದ ಮಹಿಳೆ ಜಪಾನಿನ ಮಿಡೋರಿ ಇಟೊ. ಹಾರ್ಡಿಂಗ್ ಕೂಡ ಅದನ್ನು ಸಾಧಿಸಿದ್ದಳು. ಕ್ರಿಸ್ಟಿಯ ಬತ್ತಳಿಕೆಯಲ್ಲಿ ಅದು ಇರಲಿಲ್ಲ. ಇಲ್ಲದ್ದಕ್ಕೆ ಹಂಬಲಿಸದೆ ಇದ್ದುದನ್ನು ಚೊಕ್ಕ ಮಾಡಿಕೊಂಡಳು: ಟ್ರಿಪಲ್ ಲಟ್ಸ್, ಅದರ ಬೆನ್ನಿಗೇ ಟ್ರಿಪಲ್ ಟೋ ಲೂಪ್, ಸಂಗೀತಕ್ಕೆ ಕೂದಲೆಳೆಯಷ್ಟೂ ತಪ್ಪದ ಹೆಜ್ಜೆ.

ಮೊದಲ ಸುತ್ತಿನಲ್ಲಿ ಇಟೊ ಬಿದ್ದಳು. ಕ್ರಿಸ್ಟಿ ಮೊದಲ ಸ್ಥಾನಕ್ಕೆ ಬಂದಳು. 21ರ ರಾತ್ರಿ ಕೊನೆಯ ಸುತ್ತು. ತೆರೆಯ ಹಿಂದೆ ಕಾಯುತ್ತಿದ್ದವಳನ್ನು ಹರಸಲು ಡೊರತಿ ಹ್ಯಾಮಿಲ್ ಅವರೇ ಬಂದರು. ಗೊಂಬೆಯಾಗಿ ಬಾಲ್ಯವಿಡೀ ಜೊತೆಗಿದ್ದವರು ಎದುರಿಗೆ ಬಂದು ನಿಂತಂತಾಯಿತು. ಕಪ್ಪು, ಚಿನ್ನದ ಬಣ್ಣದ ಉಡುಪಿನಲ್ಲಿ ಸ್ಪ್ಯಾನಿಷ್ ಧಾಟಿಯ 'ಮಲಗೇನ್ಯಾ' ಸಂಗೀತಕ್ಕೆ ಕ್ರಿಸ್ಟಿ ಇಳಿದಳು. ಪ್ರದರ್ಶನದಲ್ಲಿ ಕುಂದಿಲ್ಲದೆ ಇರಲಿಲ್ಲ. ಒಂದು ಜಿಗಿತದ ಬಳಿಕ ಕೈ ಮಂಜುಗಡ್ಡೆಗೆ ತಾಗಿತು, ಇನ್ನೊಂದರಲ್ಲಿ ಮೂರರ ಬದಲು ಎರಡೇ ಸುತ್ತು ತಿರುಗಿದಳು. ಆದರೆ ಕೈ ಊರಿದ ಮರುಗಳಿಗೆಯೇ ಮುಖದಲ್ಲಿ ನಗು ವಾಪಸಾಗಿತ್ತು. ಉಳಿದವರು ಇನ್ನೂ ಹೆಚ್ಚು ತಪ್ಪಿದರು. ಇಟೊ ಒಮ್ಮೆ ಬಿದ್ದು, ಅದೇ ಸುತ್ತಿನಲ್ಲಿ ಮತ್ತೊಮ್ಮೆ ಟ್ರಿಪಲ್ ಆ್ಯಕ್ಸೆಲ್‌ಗೆ ಧೈರ್ಯ ಮಾಡಿ ಗೆದ್ದಳು. ಒಲಿಂಪಿಕ್ಸ್‌ನಲ್ಲಿ ಅದನ್ನು ಮಾಡಿದ ಮೊದಲ ಮಹಿಳೆಯಾಗಿ ಬೆಳ್ಳಿ ಪಡೆದಳು. ಕಂಚು ಕೆರಿಗನ್‌ಗೆ. ಹ್ಯಾಮಿಲ್ ನಂತರ, ಹದಿನಾರು ವರ್ಷ ಕಾದು, ಅಮೆರಿಕದ ಮಹಿಳೆಗೆ ಚಿನ್ನ ಬಂದಿತ್ತು.

ಆ ರಾತ್ರಿ ಕಣದಲ್ಲಿ ಜಪಾನಿನ ಇಟೊ, ಜಪಾನಿ ಮೂಲದ ಯಾಮಗುಚಿ ಇಬ್ಬರೂ ಇದ್ದದ್ದು ಅಮೆರಿಕದ ಕೆಲವರ ಮನಸ್ಸಿನಲ್ಲಿದ್ದುದನ್ನು ಹೊರಗೆಳೆಯಿತು. ಜಪಾನಿನ ಕಾರು, ಟಿವಿಗಳ ಮೇಲೆ ಅಮೆರಿಕದಲ್ಲಿ ಸಿಟ್ಟು ಕುದಿಯುತ್ತಿದ್ದ ಕಾಲವದು. ಈ ಹೆಸರು, ಈ ಮುಖ ಜಾಹೀರಾತಿಗೆ ಒಗ್ಗುತ್ತದೆಯೇ ಎಂಬ ಚರ್ಚೆ ಅಲ್ಲಿನ ಪತ್ರಿಕೆಗಳಲ್ಲೇ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ, ಅಜ್ಜ ಅಮೆರಿಕದ ಸೈನಿಕನಾಗಿದ್ದ ಹುಡುಗಿಯ ಬಗ್ಗೆ! ಆಕೆ ಬಾಯಿಮಾತಿನ ಜಗಳಕ್ಕೆ ಹೋಗಲಿಲ್ಲ. ಮರುತಿಂಗಳು ತನ್ನೂರಿಗೆ ಹತ್ತಿರದ ಓಕ್ಲೆಂಡ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆಗಿ ಸ್ಪರ್ಧಾಕಣದಿಂದ ಹೊರಬಂದಳು. ಇಂದು ಅಮೆರಿಕದ ತಂಡದಲ್ಲಿ ಏಷ್ಯಾ ಮೂಲದ ಸ್ಕೇಟರ್‌ಗಳು ಇರುವುದು ಯಾರಿಗೂ ಸೋಜಿಗವಲ್ಲ. ಅವರಲ್ಲಿ ಹಲವರು ಮೊದಲು ನೆನೆಯುವ ಹೆಸರು ಕ್ರಿಸ್ಟಿಯದು.

ಇಪ್ಪತ್ತಕ್ಕೇ ಕೈಗೂಡಿದ ಮೇಲೆ

ಇಪ್ಪತ್ತನೇ ವಯಸ್ಸಿಗೇ ಬದುಕಿನ ಅತಿ ದೊಡ್ಡ ಆಸೆ ಕೈಗೂಡಿದರೆ ಮುಂದೇನು? ಹಲವು ಚಾಂಪಿಯನ್‌ಗಳು ಈ ಪ್ರಶ್ನೆಯ ಮುಂದೆ ಕುಸಿದಿದ್ದಾರೆ. ಕ್ರಿಸ್ಟಿ ಹತ್ತು ವರ್ಷ 'ಸ್ಟಾರ್ಸ್ ಆನ್ ಐಸ್' ಪ್ರದರ್ಶನ ತಂಡದೊಂದಿಗೆ ಊರೂರು ಸುತ್ತಿದರು. 1996ರಲ್ಲಿ ಮಕ್ಕಳಿಗಾಗಿ 'ಆಲ್ವೇಸ್ ಡ್ರೀಮ್' ಎಂಬ ಪ್ರತಿಷ್ಠಾನ ಕಟ್ಟಿದರು. 2000ದಲ್ಲಿ ಐಸ್ ಹಾಕಿ ಆಟಗಾರ ಬ್ರೆಟ್ ಹೆಡಿಕನ್ ಅವರನ್ನು ಮದುವೆಯಾದರು. ಅವರೂ ಆಲ್ಬರ್ಟ್‌ವಿಲ್‌ನಲ್ಲಿ ಅಮೆರಿಕ ತಂಡದಲ್ಲಿದ್ದವರೇ. 2003ರಲ್ಲಿ ಮೊದಲ ಮಗಳು, 2005ರಲ್ಲಿ ಎರಡನೆಯವಳು.

2008ರಲ್ಲಿ, ಎರಡು ಪುಟ್ಟ ಮಕ್ಕಳ ತಾಯಿ, ಅಮೆರಿಕದ ಜನಪ್ರಿಯ ಟಿವಿ ನೃತ್ಯಸ್ಪರ್ಧೆ 'ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್' ಗೆದ್ದಾಗ ಅಲ್ಲಿನ ಮನೆಮನೆಯ ಹೆಂಗಸರು ಅದನ್ನು ತಮ್ಮದೇ ಗೆಲುವೆಂಬಂತೆ ಕಂಡರು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮಲಗುವ ಮುನ್ನ ಮಕ್ಕಳಿಗೆ ಕಥೆ ಓದಿ ಹೇಳುವ ಅವರ ರೂಢಿ. ಅಲ್ಲಿಂದ ಎರಡು ಹಾದಿ ಕವಲೊಡೆದವು. ಒಂದು, ಅವರೇ ಮಕ್ಕಳ ಪುಸ್ತಕ ಬರೆದರು. 2011ರಲ್ಲಿ ಬಂದ 'ಡ್ರೀಮ್ ಬಿಗ್, ಲಿಟಲ್ ಪಿಗ್' ಪುಸ್ತಕದ ನಾಯಕಿ ಪಾಪಿ ಎಂಬ ಹಂದಿಮರಿ. ನೃತ್ಯ, ಹಾಡು, ಮಾಡೆಲಿಂಗ್ ಎಲ್ಲದಕ್ಕೂ ಕೈ ಹಾಕಿ ಎಲ್ಲದರಲ್ಲೂ ಎಡವುತ್ತದೆ. ಕೊನೆಗೆ ಮಂಜುಗಡ್ಡೆಯ ಮೇಲೆ ಜಾರುವ ಸುಖ ಸಿಕ್ಕಾಗ ಬಿದ್ದರೂ ಬಿಡುವುದಿಲ್ಲ. ಪಾಪಿಗೆ ಇದೇ ಮಾಡೆಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅದು ಹುಡುಕುವಷ್ಟು ಕಾಲ ಮನೆಯವರು ಬೆನ್ನಿಗಿರುತ್ತಾರೆ. ಚಾಂಪಿಯನ್ ಒಬ್ಬಳು ಬರೆದ ಪುಸ್ತಕದಲ್ಲಿ ಗೆಲುವಿಗಿಂತ ಹುಡುಕಾಟಕ್ಕೇ ಹೆಚ್ಚು ಪುಟ ಸಿಕ್ಕಿರುವುದು ಗಮನಿಸಬೇಕಾದ್ದು.

ಎರಡನೆಯ ಹಾದಿ ಪ್ರತಿಷ್ಠಾನದ್ದು. ತಾಯಿಯಾದ ಮೇಲೆ ಅದರ ಗಮನವನ್ನು ಅವರು ಎಳೆಯ ಮಕ್ಕಳ ಓದಿನ ಕಡೆ ತಿರುಗಿಸಿದರು. ಕಡಿಮೆ ಆದಾಯದ ಮನೆಗಳಿಗೆ ಪುಸ್ತಕ, ಡಿಜಿಟಲ್ ಪುಸ್ತಕಗಳಿರುವ ಟ್ಯಾಬ್ಲೆಟ್ ಕೊಡುವುದಷ್ಟೇ ಅಲ್ಲ, ಅಪ್ಪ ಅಮ್ಮ ಮಗುವಿನ ಜೊತೆ ಕೂತು ಓದುವಂತೆ ಒತ್ತಾಸೆಯಾಗಿ ನಿಲ್ಲುವುದೂ ಅದರ ಕೆಲಸ. ಐಸ್ ರಿಂಕ್‌ನ ಶುಲ್ಕ ಕಟ್ಟಲಾಗದ ಮನೆಯಲ್ಲೂ ಕಥೆ ಓದಬಹುದಲ್ಲ! ಫಿಗರ್ ಸ್ಕೇಟಿಂಗ್ ವಿಪರೀತ ದುಬಾರಿ ಆಟ. ಕೋಚ್, ರಿಂಕ್ ಬಾಡಿಗೆ, ಬೂಟು, ಉಡುಪು, ಪ್ರಯಾಣ ಎಲ್ಲದಕ್ಕೂ ಮನೆಯವರದೇ ಜೇಬು. ಇಂಥ ಆಟದಿಂದ ಬಂದವರು ಕಡಿಮೆ ಖರ್ಚಿನ ಕನಸಿಗೆ ನೀರೆರೆಯಲು ಹೊರಟದ್ದು ನನಗೆ ಅವರ ಪದಕದಷ್ಟೇ ದೊಡ್ಡದಾಗಿ ಕಾಣುತ್ತದೆ.

ಹೆತ್ತು ಮರಳಿ ಬಂದವರು

ಕ್ರಿಸ್ಟಿ ತಾಯಿಯಾದದ್ದು ಸ್ಪರ್ಧೆ ಬಿಟ್ಟು ಹನ್ನೊಂದು ವರ್ಷದ ಮೇಲೆ. ಮಹಿಳಾ ಸ್ಕೇಟರ್‌ಗಳಲ್ಲಿ ಬಹುಪಾಲು ಜನರ ಹಾದಿ ಇದೇ: ಮೊದಲು ಆಟ, ಅದು ಮುಗಿದ ಮೇಲೆ ಸಂಸಾರ. ಎರಡನ್ನೂ ಒಟ್ಟಿಗೆ ಹಿಡಿದವರು ಕೆಲವೇ ಕೆಲವರು, ಅವರೂ ಹೆಚ್ಚಾಗಿ ಜೋಡಿ ಸ್ಪರ್ಧೆಯವರು.

ಸೋವಿಯತ್ ಒಕ್ಕೂಟದ ಇರೀನಾ ರೋಡ್ನಿನಾ 1969ರಿಂದ 1978ರವರೆಗೆ ಸತತ ಹತ್ತು ಸಲ ಜೋಡಿ ವಿಶ್ವ ಚಾಂಪಿಯನ್. 1979ರ ಫೆಬ್ರವರಿಯಲ್ಲಿ ಮಗ ಹುಟ್ಟಿದ. ಆ ವರ್ಷದ ಕಿರೀಟ ಅಮೆರಿಕದ ಟಾಯ್ ಬ್ಯಾಬಿಲೋನಿಯಾ, ರ‍್ಯಾಂಡಿ ಗಾರ್ಡ್ನರ್ ಜೋಡಿಗೆ ಹೋಯಿತು. ಆಕೆಯ ಕಾಲ ಮುಗಿಯಿತೆಂದು ಹಲವರು ಅಂದುಕೊಂಡರು. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ, ರೋಡ್ನಿನಾ ಪತಿ ಅಲೆಕ್ಸಾಂಡರ್ ಜೈತ್ಸೆವ್ ಜೊತೆ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್ ಕಣಕ್ಕಿಳಿದರು. ಗಾರ್ಡ್ನರ್ ಗಾಯಗೊಂಡಿದ್ದರಿಂದ ಅಮೆರಿಕದ ಜೋಡಿ ಹಿಂದೆ ಸರಿಯಬೇಕಾಯಿತು. ರೋಡ್ನಿನಾಗೆ ಮೂರನೇ ಒಲಿಂಪಿಕ್ ಚಿನ್ನ. ರಾಷ್ಟ್ರಗೀತೆ ಮೊಳಗುವಾಗ ಆಕೆಯ ಕಣ್ಣೀರು ಇಳಿಯುತ್ತಿದ್ದುದನ್ನು ಜಗತ್ತು ನೋಡಿತು.

ಹೆರಿಗೆಯಾಗಿ ವರ್ಷದೊಳಗೆ ಈ ಮಟ್ಟಕ್ಕೆ ಮರಳುವುದು ಎಷ್ಟು ಕಷ್ಟವೆಂದು ಹೆತ್ತವರಿಗೆ ಗೊತ್ತು. ಬಸುರಿನಲ್ಲಿ ಕೀಲುಗಳ ಕಟ್ಟು ಸಡಿಲಾಗುತ್ತದೆ, ಹೊಟ್ಟೆಯ ಸ್ನಾಯುಗಳು ಹಿಗ್ಗುತ್ತವೆ, ಮೈಯ ತೂಕ ನಿಲ್ಲುವ ಜಾಗವೇ ಬದಲಾಗುತ್ತದೆ. ಅಲಗಿನ ಅಂಚಿನ ಮೇಲೆ ಸಮತೋಲ ಕಲಿತ ದೇಹ ಅದನ್ನೆಲ್ಲ ಹೊಸದಾಗಿ ಕಲಿಯಬೇಕು. ಅದರ ಜೊತೆಗೆ ಹಾಲೂಡಿಸುವ ರಾತ್ರಿಗಳು.

ಸೋವಿಯತ್ ಒಕ್ಕೂಟದವರೇ ಆದ ಇನ್ನೊಬ್ಬ ಜೋಡಿ ಸ್ಕೇಟರ್ ಎಕಟೆರಿನಾ ಗೋರ್ದೀವಾ ಕಥೆ ಇನ್ನೂ ಕಲಕುವಂಥದು. ಹದಿನಾರಕ್ಕೆ, 1988ರಲ್ಲಿ, ಸೆರ್ಗೇಯ್ ಗ್ರಿಂಕೋವ್ ಜೊತೆ ಮೊದಲ ಒಲಿಂಪಿಕ್ ಚಿನ್ನ. 1991ರಲ್ಲಿ ಅವರೊಂದಿಗೇ ಮದುವೆ, 1992ರಲ್ಲಿ ಮಗಳು, 1994ರ ಲಿಲ್ಲೆಹ್ಯಾಮರ್‌ನಲ್ಲಿ ತಾಯಿ ತಂದೆಯಾಗಿ ಎರಡನೇ ಚಿನ್ನ. 1995ರ ನವೆಂಬರ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ 'ಸ್ಟಾರ್ಸ್ ಆನ್ ಐಸ್' ಅಭ್ಯಾಸ ನಡೆಯುತ್ತಿದ್ದಾಗ ಸೆರ್ಗೇಯ್ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಅವರಿಗಿನ್ನೂ 28. ಕ್ರಿಸ್ಟಿ ಸ್ಕೇಟ್ ಮಾಡುತ್ತಿದ್ದುದೂ ಅದೇ ಪ್ರದರ್ಶನ ತಂಡದಲ್ಲಿ. ಮೂರು ವರ್ಷದ ಮಗುವಿನ ತಾಯಿ ಕೆಲವೇ ತಿಂಗಳಲ್ಲಿ ಮತ್ತೆ ಮಂಜುಗಡ್ಡೆಗೆ ಇಳಿದರು, ಈ ಬಾರಿ ಒಬ್ಬರೇ. ಬಾಲ್ಯದಿಂದ ಬಲ್ಲ ಕೆಲಸವೇ ಬದುಕಿಗೂ ಮಗುವಿಗೂ ಆಸರೆಯಾಯಿತು.

ತಾಯ್ತನದ ಇನ್ನೊಂದು ಮುಖವನ್ನು ತೋರಿಸಿದವರು ಅಮೆರಿಕದ ಟಾರಾ ಲಿಪಿನ್ಸ್ಕಿ. 1998ರಲ್ಲಿ ಹದಿನೈದಕ್ಕೇ ಒಲಿಂಪಿಕ್ ಚಿನ್ನ ಗೆದ್ದವರು. ದೊಡ್ಡವರಾದ ಮೇಲೆ ಎಂಡೊಮೆಟ್ರಿಯೋಸಿಸ್, ಗರ್ಭಪಾತ, ವರ್ಷಗಟ್ಟಲೆ ಚಿಕಿತ್ಸೆಗಳ ನೋವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. 2023ರಲ್ಲಿ ಬಾಡಿಗೆ ತಾಯ್ತನದ ಮೂಲಕ ಮಗಳು ಬಂದಳು. ತಾನು ಒಂಟಿಯೆಂದುಕೊಂಡು ಮುಚ್ಚಿದ ಬಾಗಿಲ ಹಿಂದೆ ಅಳುವ ಎಷ್ಟೋ ಹೆಂಗಸರಿಗೆ ಆ ಮಾತುಗಳು ತಲುಪಿದವು.

ಹದಿನೇಳರ ಗೆರೆ

2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಹದಿನೈದರ ಕಮಿಲಾ ವಲಿಯೇವಾ ಉದ್ದೀಪನ ಮದ್ದಿನ ವಿವಾದದ ನಡುವೆಯೇ ಸ್ಕೇಟ್ ಮಾಡಿ, ಬಿದ್ದು, ಅಳುತ್ತ ಹೊರಬಂದಾಗ ಕೋಚ್ ಸಮಾಧಾನದ ಬದಲು ಪ್ರಶ್ನೆ ಕೇಳಿದ್ದನ್ನು ಇಡೀ ಜಗತ್ತು ಕಂಡಿತು. ಬೆಳ್ಳಿ ಗೆದ್ದ ಹದಿನೇಳರ ಅಲೆಕ್ಸಾಂಡ್ರಾ ಟ್ರುಸೋವಾ ಈ ಆಟವೇ ಬೇಡವೆಂದು ಬಿಕ್ಕಿ ಅತ್ತಳು. ಅದೇ ವರ್ಷದ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಿತು. ಸರಿಯಾದ ತೀರ್ಮಾನ, ತಡವಾಗಿ ಬಂದದ್ದು. ಹುಡುಗಿಯೊಬ್ಬಳು ಹೆಣ್ಣಾಗಿ ಬೆಳೆದ ಮೇಲೂ ಆಡಬಹುದಾದ ಆಟವಾಗಿ ಇದು ಉಳಿಯಬೇಕಾದರೆ ನಿಯಮ ಅವಳ ಬೆಳವಣಿಗೆಗೆ ಕಾಯಬೇಕು.

ನಮ್ಮಲ್ಲಿ ಐಸ್ ರಿಂಕ್ ಅಪರೂಪ. ದೇಶದ ಹಳೆಯ ರಿಂಕ್ ಇರುವ ಶಿಮ್ಲಾದಲ್ಲಿ 1920ರಿಂದ ಚಳಿಗಾಲದ ತಂಪೇ ನೀರನ್ನು ಹೆಪ್ಪುಗಟ್ಟಿಸುತ್ತದೆ. ಆದರೆ ಬೆಂಗಳೂರು, ಮೈಸೂರುಗಳ ಪಾರ್ಕು, ರಸ್ತೆಗಳಲ್ಲಿ ಗಾಲಿ ಸ್ಕೇಟು ಕಟ್ಟಿಕೊಂಡ ಮಕ್ಕಳನ್ನು, ಬಸವನಗುಡಿಯ ಈಜುಕೊಳದ ಗ್ಯಾಲರಿಯಲ್ಲಿ ಬೆಳಗಾಗುವ ಮೊದಲೇ ಕೂತ ತಾಯಂದಿರನ್ನು ನೋಡಿದವರಿಗೆ ಈ ಕಥೆ ದೂರದ್ದೆನಿಸದು. ಅಲ್ಲಿ ಕೂತವರೆಲ್ಲ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕನಸು ಯಾರದು? ಮಗು ಸಾಕು ಎಂದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಮನೆಯಲ್ಲಿದೆಯೇ?

ಆ ಪ್ರಶ್ನೆಗೆ ಕ್ರಿಸ್ಟಿ ಬೆಳೆದ ಸೀಮೆಯಲ್ಲೇ ಇತ್ತೀಚೆಗೆ ಒಂದು ಉತ್ತರ ಸಿಕ್ಕಿದೆ. ಅಲಿಸಾ ಲಿಯು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನ ಹುಡುಗಿ. ಅವಳ ಮನೆಯಲ್ಲಿ ನಿದ್ದೆಗೆಟ್ಟವರು ಅಪ್ಪ: ಚೀನಾದಿಂದ ಬಂದು ವಕೀಲರಾದ, ಮಕ್ಕಳನ್ನು ಒಬ್ಬರೇ ಬೆಳೆಸಿದ ಆರ್ಥರ್ ಲಿಯು. ಹದಿಮೂರಕ್ಕೇ ಅವಳು ಅಮೆರಿಕದ ಚಾಂಪಿಯನ್. ಬೀಜಿಂಗ್ ಒಲಿಂಪಿಕ್ಸ್ ಮುಗಿಸಿದ ಕೆಲವೇ ವಾರಗಳಲ್ಲಿ, ಹದಿನಾರಕ್ಕೆ, ಸಾಕೆಂದು ಸ್ಕೇಟ್ಸ್ ಕಳಚಿಟ್ಟಳು. ಕಾಲೇಜು ಸೇರಿದಳು, ಓಡಾಡಿದಳು. ಎರಡು ವರ್ಷ ಕಳೆದು, ಯಾರೂ ಕರೆಯದೆ, ತಾನಾಗಿ ಮರಳಿದಳು. ಸಂಗೀತ ಯಾವುದು, ಉಡುಪು ಯಾವುದು, ಏನು ಊಟ ಮಾಡಬೇಕು ಎನ್ನುವುದೆಲ್ಲ ಈ ಸಲ ತನ್ನದೇ ತೀರ್ಮಾನ ಎಂಬುದು ಅವಳ ಷರತ್ತು. 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದಾಗ ಅವಳಿಗೆ 19. ಅಮೆರಿಕದ ಮಹಿಳೆಯೊಬ್ಬಳು ಆ ಪಟ್ಟ ಏರಿದ್ದು 2006ರ ನಂತರ ಅದೇ ಮೊದಲು.